ಅಮೆರಿಕಕ್ಕೆ ಏಡ್ಸ್ ತಂದದ್ದು ಒಬ್ಬ ವಿಮಾನ ಪರಿಚಾರಕನೇ? ಗೇತಾನ್ ಡುಗಾ ಅವರ ನಿಜವಾದ ಕಥೆ

ಅಮೆರಿಕಕ್ಕೆ ಏಡ್ಸ್ ತಂದವನು ಒಬ್ಬ ವಿಮಾನ ಪರಿಚಾರಕ. ಅವನು ಸಲಿಂಗಿ. ಬೇಕೆಂದೇ ಊರೂರು ತಿರುಗಿ ರೋಗ ಹಂಚಿದ. ಇಂಥದ್ದೊಂದು ಕಥೆಯನ್ನು ನೀವು ಯಾವುದೋ ಯೂಟ್ಯೂಬ್ ವಿಡಿಯೋದಲ್ಲೋ ಫಾರ್ವರ್ಡ್ ಆಗಿ ಬಂದ ಮೆಸೇಜಿನಲ್ಲೋ ನೋಡಿರಬಹುದು. ಜೊತೆಗೆ ಹೊಂಬಣ್ಣದ ಕೂದಲು, ಮೀಸೆ, ನಗುಮುಖದ ಒಬ್ಬ ಯುವಕನ ಫೋಟೋ. ಫೋಟೋ ನಿಜ, ಹೆಸರೂ ನಿಜ. ಆದರೆ ಅಮೆರಿಕಕ್ಕೆ ರೋಗ ತಂದದ್ದು ಅವರೇ ಎಂಬ ಮಾತು ಸುಳ್ಳು. ಈ ಸುಳ್ಳನ್ನು ಹುಟ್ಟಿಸಿದ್ದು ಯಾವುದೋ ಅನಾಮಧೇಯ ವಾಟ್ಸಾಪ್ ಗುಂಪಲ್ಲ. ಇದರ ಹಿಂದೆ ಒಂದು ಸರ್ಕಾರಿ ಅಧ್ಯಯನ, ಒಂದು ಪ್ರಸಿದ್ಧ ಪುಸ್ತಕ, ಕೆಲವು ದೊಡ್ಡ ಪತ್ರಿಕೆಗಳು ಇವೆ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿಯೇ ಬಿಡಿಸಿ ನೋಡೋಣ.

ಗೇತಾನ್ ಡುಗಾ ಹುಟ್ಟಿದ್ದು 1953ರ ಫೆಬ್ರವರಿಯಲ್ಲಿ, ಕೆನಡಾದ ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದಲ್ಲಿ. ದತ್ತು ಮಗನಾಗಿ ಬೆಳೆದರು. ಮೊದಲು ಕೇಶ ವಿನ್ಯಾಸದ ಕೆಲಸ ಮಾಡಿದರು. ಆದರೆ ಅವರಿಗೆ ವಿಮಾನದಲ್ಲಿ ಕೆಲಸ ಮಾಡುವ ಆಸೆ. ಅದಕ್ಕೆ ಇಂಗ್ಲಿಷ್ ಬೇಕಿತ್ತು. ಭಾಷೆ ಕಲಿಯಲೆಂದೇ ದೇಶದ ಇನ್ನೊಂದು ತುದಿಯ ವ್ಯಾಂಕೂವರ್‌ಗೆ ಹೋಗಿ ಇದ್ದರು. 1974ರಲ್ಲಿ ಏರ್ ಕೆನಡಾದಲ್ಲಿ ಪರಿಚಾರಕರಾಗಿ ಸೇರಿದರು. ಈ ಇಸವಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಾವು ಸಲಿಂಗಿ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಎಪ್ಪತ್ತರ ದಶಕದಲ್ಲಿ ಅದು ಸಣ್ಣ ಧೈರ್ಯವೇನಲ್ಲ. ನ್ಯೂಯಾರ್ಕ್, ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ ಹೀಗೆ ಹಲವು ನಗರಗಳಲ್ಲಿ ಗೆಳೆಯರಿದ್ದರು, ಸಂಗಾತಿಗಳಿದ್ದರು.

1980ರಲ್ಲಿ ಅವರಿಗೆ ಕಪೋಸಿ ಸಾರ್ಕೋಮಾ ಇರುವುದು ಗೊತ್ತಾಯಿತು. ಚರ್ಮದ ಮೇಲೆ ನೇರಳೆ ಬಣ್ಣದ ಮಚ್ಚೆಗಳಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಅದು. ಅಲ್ಲಿಯವರೆಗೆ ಸಾಮಾನ್ಯವಾಗಿ ವಯಸ್ಸಾದವರಲ್ಲಿ ಕಾಣುತ್ತಿದ್ದ, ಅಪರೂಪದ ಕಾಯಿಲೆ. ಇಪ್ಪತ್ತೇಳರ ಹುಡುಗನಿಗೆ ಅದು ಏಕೆ ಬಂತು ಎಂದು ಯಾರಿಗೂ ಅರ್ಥವಾಗಲಿಲ್ಲ. ಏಡ್ಸ್ ಎಂಬ ಪದವೇ ಆಗ ಇರಲಿಲ್ಲ. ಅವರು ಚಿಕಿತ್ಸೆ ತೆಗೆದುಕೊಂಡರು, ಮತ್ತೆ ಕೆಲಸಕ್ಕೂ ಹೋದರು.

ಮರುವರ್ಷ, 1981ರ ಜೂನ್ 5ರಂದು, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಒಂದು ಚಿಕ್ಕ ವರದಿ ಪ್ರಕಟಿಸಿತು. ಲಾಸ್ ಏಂಜಲೀಸಿನ ಐವರು ಸಲಿಂಗಿ ಪುರುಷರಲ್ಲಿ ವಿಚಿತ್ರವಾದ ನ್ಯುಮೋನಿಯಾ ಕಂಡುಬಂದಿದೆ ಎಂಬುದು ಅದರ ಸಾರಾಂಶ. ಒಂದು ತಿಂಗಳೊಳಗೆ ನ್ಯೂಯಾರ್ಕ್ ಟೈಮ್ಸ್ 41 ಸಲಿಂಗಿಗಳಲ್ಲಿ ಅಪರೂಪದ ಕ್ಯಾನ್ಸರ್ ಎಂದು ಸುದ್ದಿ ಮಾಡಿತು. ಕಾಯಿಲೆಗೆ ಗೇ ಕ್ಯಾನ್ಸರ್ ಎಂಬ ಅಡ್ಡಹೆಸರು ಬಿತ್ತು. ಕೆಲವು ವೈದ್ಯರು ಕೂಡ ಹೆಸರಿನಲ್ಲೇ ಗೇ ಎಂಬ ಪದ ಸೇರಿಸಿ ಗ್ರಿಡ್ ಎಂದು ಕರೆದರು. ಸೂಜಿಯಿಂದ ಮಾದಕವಸ್ತು ಚುಚ್ಚಿಕೊಳ್ಳುವವರಲ್ಲಿ, ಹೆಂಗಸರಲ್ಲಿ ಇದೇ ಕಾಯಿಲೆ ಕಾಣಿಸಿಕೊಂಡ ಮೇಲೆ 1982ರ ಸೆಪ್ಟೆಂಬರ್‌ನಲ್ಲಿ ಸಿಡಿಸಿ ಏಡ್ಸ್ ಎಂಬ ಹೆಸರನ್ನು ಬಳಕೆಗೆ ತಂದಿತು. ಕಾಯಿಲೆಯ ಹೆಸರು ಬದಲಾಯಿತು, ಜನರ ತಲೆಯಲ್ಲಿ ಕೂತ ಚಿತ್ರ ಬದಲಾಗಲಿಲ್ಲ.

ಓ ಹೋಗಿ ಸೊನ್ನೆಯಾದ ಕಥೆ

ಆಗ ಸಿಡಿಸಿ ಸಂಶೋಧಕರ ಮುಂದಿದ್ದ ಪ್ರಶ್ನೆ ಒಂದೇ: ಇದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆಯೇ? ವಿಲಿಯಂ ಡ್ಯಾರೋ ಎಂಬ ಸಮಾಜಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ರೋಗಿಗಳನ್ನು, ಅವರು ತೀರಿಕೊಂಡಿದ್ದರೆ ಹತ್ತಿರದವರನ್ನು ಭೇಟಿಯಾಗಿ ಯಾರು ಯಾರ ಸಂಗಾತಿಯಾಗಿದ್ದರು ಎಂದು ಕೇಳುತ್ತಾ ಹೋದರು. ಕ್ಯಾಲಿಫೋರ್ನಿಯಾದ ಹಲವರ ಮಾತಿನಲ್ಲಿ ಹೊರಗಿನ ಒಬ್ಬನ ಪ್ರಸ್ತಾಪ ಬಂತು. ಅದು ಡುಗಾ.

ಡುಗಾ ಅವರನ್ನು ಸಂಪರ್ಕಿಸಿದಾಗ ಅವರು ತಪ್ಪಿಸಿಕೊಳ್ಳಲಿಲ್ಲ. ಮಾತಾಡಿದರು, ಪರೀಕ್ಷೆಗೆ ರಕ್ತ ಕೊಟ್ಟರು. ಹಿಂದಿನ ಮೂರು ವರ್ಷಗಳಲ್ಲಿ ಸುಮಾರು 750 ಸಂಗಾತಿಗಳಿದ್ದರು ಎಂದು ಹೇಳಿ, ಅವರಲ್ಲಿ 72 ಮಂದಿಯ ಹೆಸರು ಕೊಟ್ಟರು. 750 ಎಂಬ ಸಂಖ್ಯೆ ನೋಡಿದ ಕೂಡಲೇ ಅನೇಕರು ಲೇಖನ ಓದುವುದನ್ನು ನಿಲ್ಲಿಸಿ ತೀರ್ಪು ಕೊಟ್ಟುಬಿಡುತ್ತಾರೆ. ನಮ್ಮ ಗಮನ ಹೋದದ್ದು 72ರ ಮೇಲೆ. ಆ ಅಧ್ಯಯನದ ಉಳಿದ ರೋಗಿಗಳಲ್ಲಿ ಎಷ್ಟೋ ಮಂದಿಗೆ ಕೆಲವೇ ಹೆಸರುಗಳನ್ನು ಹೇಳಲು ಸಾಧ್ಯವಾಗಿತ್ತು.

ಇದು ಏಕೆ ಮುಖ್ಯ? ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಮಾತ್ರ ತಮ್ಮ ಪೂರ್ತಿ ಕಾಲ್ ಲಿಸ್ಟ್ ತೋರಿಸಿದರು, ಉಳಿದವರು ಒಂದೆರಡು ನಂಬರ್ ಮಾತ್ರ ಕೊಟ್ಟರು ಎಂದುಕೊಳ್ಳಿ. ಯಾರು ಯಾರಿಗೆ ಫೋನ್ ಮಾಡುತ್ತಾರೆ ಎಂದು ನಕ್ಷೆ ಬರೆದರೆ ಲಿಸ್ಟ್ ತೋರಿಸಿದವರೇ ನಟ್ಟನಡುವೆ ಬರುತ್ತಾರೆ. ಡುಗಾ ಅವರಿಗೂ ಹೀಗೆಯೇ ಆಯಿತು. 1984ರ ಮಾರ್ಚ್‌ನಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 10 ನಗರಗಳ 40 ರೋಗಿಗಳನ್ನು ಗೆರೆಗಳಿಂದ ಜೋಡಿಸಿದ ಚಿತ್ರವಿತ್ತು. ನಡುವಿನ ವೃತ್ತ ಅವರದ್ದು. ಹೆಸರಿರಲಿಲ್ಲ.

ಆ ವೃತ್ತಕ್ಕೆ ಕೊಟ್ಟ ಗುರುತೇ ಮುಂದಿನ ಅನಾಹುತಕ್ಕೆ ದಾರಿಯಾಯಿತು. ಲಾಸ್ ಏಂಜಲೀಸಿನ ರೋಗಿಗಳಿಗೆ ನಗರದ ಹೆಸರಿನ ಜೊತೆ ಸಂಖ್ಯೆ ಕೊಡಲಾಗಿತ್ತು. ಡುಗಾ ಕ್ಯಾಲಿಫೋರ್ನಿಯಾದ ಹೊರಗಿನವರು. ಇಂಗ್ಲಿಷಿನಲ್ಲಿ ಹೊರಗೆ ಎಂಬ ಪದದ ಮೊದಲ ಅಕ್ಷರ ಓ. ಅದಕ್ಕೆ ಅವರು ರೋಗಿ ಓ ಆದರು. ದುಂಡಗಿನ ಆ ಓ ಅಕ್ಷರವನ್ನು ಸಿಡಿಸಿಯೊಳಗೇ ಕೆಲವರು ಸೊನ್ನೆ ಎಂದು ಓದತೊಡಗಿದರು. ಪ್ರಕಟವಾದಾಗ ಸೊನ್ನೆಯೇ ಉಳಿಯಿತು. ಕನ್ನಡ ಓದುವವರಿಗೆ ಈ ಗೊಂದಲ ಹೊಸದಲ್ಲ. ನಮ್ಮಲ್ಲಿ ಸೊನ್ನೆ ಅಂಕಿಯೂ ಹೌದು, ಅನುಸ್ವಾರವೂ ಹೌದು, ಒಂದರ ಜಾಗದಲ್ಲಿ ಇನ್ನೊಂದನ್ನು ಟೈಪ್ ಮಾಡಿದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಆದರೆ ಇಲ್ಲಿ ಅರ್ಥವೇ ತಿರುಗಿತು. ಹೊರಗಿನ ರೋಗಿ ಎನ್ನುವುದು ಎಲ್ಲಕ್ಕೂ ಮೊದಲಿನ ರೋಗಿ ಎಂದಾಯಿತು. ಅಧ್ಯಯನ ಮಾಡಿದವರು ರೋಗ ಇವರಿಂದಲೇ ಶುರುವಾಯಿತು ಎಂದು ಹೇಳಿರಲಿಲ್ಲ.

ಲೆಕ್ಕದಲ್ಲಿ ಇನ್ನೊಂದು ತಪ್ಪೂ ಇತ್ತು. ಸೋಂಕು ತಗುಲಿ ಒಂದು ವರ್ಷದೊಳಗೆ ಲಕ್ಷಣ ಕಾಣುತ್ತದೆ ಎಂಬ ಅಂದಾಜಿನ ಮೇಲೆ ಆ ಗೆರೆಗಳಿಗೆ ಅರ್ಥ ಹಚ್ಚಲಾಗಿತ್ತು. ಚಿಕಿತ್ಸೆ ಇಲ್ಲದಿದ್ದರೆ ಎಚ್‌ಐವಿ ಸೋಂಕು ಏಡ್ಸ್ ಹಂತಕ್ಕೆ ಬರಲು ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು ಎಂಬುದು ಆಮೇಲೆ ತಿಳಿದ ವಿಷಯ. ಅಂದರೆ ಡುಗಾ ಅವರ ಜೊತೆಗಿದ್ದು ಕೆಲವೇ ತಿಂಗಳಲ್ಲಿ ಕಾಯಿಲೆ ಬಿದ್ದವರಲ್ಲಿ ಬಹಳ ಮಂದಿಗೆ ಅದಕ್ಕೂ ವರ್ಷಗಳ ಮೊದಲೇ ಬೇರೆ ಕಡೆಯಿಂದ ಸೋಂಕು ತಗುಲಿರಬೇಕು.

ಹಾಗಾದರೆ ಅವರದು ಏನೂ ತಪ್ಪಿಲ್ಲವೇ? ಇದನ್ನೂ ಮುಚ್ಚಿಡುವುದು ಬೇಡ. ಸಂಬಂಧಗಳನ್ನು ನಿಲ್ಲಿಸಿ ಎಂದು ವೈದ್ಯರು ಹೇಳಿದಾಗ ಅವರು ಒಪ್ಪಲಿಲ್ಲ, ಕ್ಯಾನ್ಸರ್ ಹರಡುತ್ತದೆ ಎಂಬುದನ್ನು ನಂಬಲಿಲ್ಲ. ಆದರೆ ಆ ಹೊತ್ತಿಗೆ ವೈರಸ್ ಪತ್ತೆಯಾಗಿರಲಿಲ್ಲ. ಅದು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಂಡದ್ದು 1983ರಲ್ಲಿ. ರಕ್ತ ಪರೀಕ್ಷೆ ಬಂದದ್ದು 1985ರಲ್ಲಿ. 1983ರಲ್ಲಿ ವ್ಯಾಂಕೂವರ್‌ನಲ್ಲಿ ಏಡ್ಸ್ ಬಗ್ಗೆ ನಡೆದ ಸಾರ್ವಜನಿಕ ಸಭೆಯಲ್ಲಿ ಡುಗಾ ಎದ್ದು ನಿಂತು ವೈದ್ಯರನ್ನು ಪ್ರಶ್ನಿಸಿದ್ದು ದಾಖಲಾಗಿದೆ. ಏನು ನಂಬಬೇಕೆಂದು ತಿಳಿಯದೆ ಕಾಯಿಲೆಯೊಂದಿಗೆ ಒದ್ದಾಡುತ್ತಿದ್ದ ಮನುಷ್ಯ ಅವರು. ಸಿಟ್ಟಿನಿಂದ ರೋಗ ಹಂಚುತ್ತಾ ಹೊರಟ ಖಳನಾಯಕನಿಗೂ ಇವರಿಗೂ ಬಹಳ ವ್ಯತ್ಯಾಸವಿದೆ. 1984ರ ಮಾರ್ಚ್ 30ರಂದು ಕ್ವಿಬೆಕ್‌ನಲ್ಲಿ ತೀರಿಕೊಂಡರು. ವಯಸ್ಸು 31.

ಸತ್ತ ಮೂರು ವರ್ಷಕ್ಕೆ ಖಳನಾಯಕ

1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕ್ರಾನಿಕಲ್ ಪತ್ರಿಕೆಯ ವರದಿಗಾರ ರ‍್ಯಾಂಡಿ ಶಿಲ್ಟ್ಸ್ ಏಡ್ಸ್ ಕುರಿತು 600 ಪುಟ ಮೀರಿದ ಪುಸ್ತಕ ತಂದರು. ರೇಗನ್ ಸರ್ಕಾರ, ರಕ್ತನಿಧಿಗಳು, ಮಾಧ್ಯಮಗಳು ಸಾವಿರಾರು ಜನ ಸಾಯುವಾಗ ಹೇಗೆ ಕೈಕಟ್ಟಿ ಕೂತಿದ್ದವು ಎಂಬುದೇ ಅದರ ಮುಖ್ಯ ಆರೋಪ. ಶಿಲ್ಟ್ಸ್ ಸ್ವತಃ ಸಲಿಂಗಿ. ಅವರೂ 1994ರಲ್ಲಿ ಏಡ್ಸ್‌ನಿಂದಲೇ ತೀರಿಕೊಂಡರು. ಅವರ ದುಡಿಮೆ ದೊಡ್ಡದು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಿಡಿಸಿ ಪ್ರಕಟಿಸದೆ ಬಿಟ್ಟ ಹೆಸರನ್ನು ಹುಡುಕಿ ತೆಗೆದು, ಡುಗಾ ಅವರನ್ನು ಗೊತ್ತಿದ್ದೂ ರೋಗ ಹಂಚಿದ ಸುಂದರಾಂಗನಂತೆ ಅದರಲ್ಲಿ ಚಿತ್ರಿಸಿದರು.

ಸರ್ಕಾರದ ವೈಫಲ್ಯದ ಪುಸ್ತಕಕ್ಕೆ ಮಾಧ್ಯಮಗಳಲ್ಲಿ ಜಾಗ ಸಿಗುವುದು ಕಷ್ಟ ಎಂದು ಪ್ರಕಾಶನ ಸಂಸ್ಥೆಯ ಸಂಪಾದಕ ಮೈಕಲ್ ಡೆನೆನಿ ಅವರಿಗೆ ಅನಿಸಿತ್ತು. ಪ್ರಚಾರಕ್ಕೆ ಅವರು ಡುಗಾ ಕಥೆಯನ್ನೇ ಮುಂದಿಟ್ಟರು. ಇದನ್ನು ಅವರೇ ವರ್ಷಗಳ ನಂತರ ಒಪ್ಪಿಕೊಂಡಿದ್ದಾರೆ. ತಂತ್ರ ಫಲಿಸಿತು. ಏಡ್ಸ್ ಕೊಟ್ಟವನು ಈತನೇ ಎಂದು ನ್ಯೂಯಾರ್ಕ್ ಪೋಸ್ಟ್ 1987ರ ಅಕ್ಟೋಬರ್‌ನಲ್ಲಿ ದಪ್ಪಕ್ಷರದಲ್ಲಿ ಹಾಕಿತು. ಇನ್ನೊಂದು ಪತ್ರಿಕೆ ಅವರನ್ನು ಕೊಲಂಬಸ್‌ಗೆ ಹೋಲಿಸಿತು. ಟಿವಿಯಲ್ಲೂ ಬಂತು. ಪುಸ್ತಕ ಚೆನ್ನಾಗಿ ಮಾರಾಟವಾಯಿತು. ಸರ್ಕಾರದ ಮೇಲಿನ ಪ್ರಶ್ನೆಗಳು ಹಿಂದೆ ಸರಿದು ಒಬ್ಬ ಸಲಿಂಗಿಯ ಮುಖ ಮುಂದೆ ಬಂತು. ಉತ್ತರ ಕೊಡಲು ಅವರು ಬದುಕಿರಲಿಲ್ಲ, ಕ್ವಿಬೆಕ್‌ನಲ್ಲಿದ್ದ ಮನೆಯವರು ಮಾತ್ರ ಇದ್ದರು. ಸಂವಹನ ಓದಿದವರಾಗಿ ನಮಗೆ ಈ ಭಾಗವೇ ಹೆಚ್ಚು ಕಾಡುತ್ತದೆ. ಇಲ್ಲಿ ಸುಳ್ಳು ಹೇಳಬೇಕೆಂದು ಹೊರಟವರು ಯಾರೂ ಕಾಣುವುದಿಲ್ಲ. ಪ್ರತಿಯೊಬ್ಬರೂ ಮುಂದಿನವರಿಗೆ ದಾಟಿಸುವಾಗ ಸ್ವಲ್ಪ ಸ್ವಲ್ಪ ಖಾರ ಹಾಕಿದರು, ಅಷ್ಟೇ.

ವಿಜ್ಞಾನದ ಉತ್ತರ ಬಂದದ್ದು 2016ರಲ್ಲಿ. ಅರಿಜೋನಾ ವಿಶ್ವವಿದ್ಯಾಲಯದ ಮೈಕಲ್ ವೊರೊಬಿ ನೇತೃತ್ವದ ತಂಡ, 1978-79ರಲ್ಲಿ ಹೆಪಟೈಟಿಸ್ ಬಿ ಸಂಶೋಧನೆಗೆಂದು ನ್ಯೂಯಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆಗೆದಿಟ್ಟಿದ್ದ ರಕ್ತದ ಮಾದರಿಗಳನ್ನು ಹೊರತೆಗೆಯಿತು. ಅವುಗಳಲ್ಲಿ 8 ಮಾದರಿಗಳಿಂದ ಎಚ್‌ಐವಿಯ ಹೆಚ್ಚುಕಮ್ಮಿ ಪೂರ್ತಿ ಜೀನೋಮ್ ಸಿಕ್ಕಿತು. 1983ರಲ್ಲಿ ತೆಗೆದಿದ್ದ ಡುಗಾ ಅವರ ರಕ್ತದ ವೈರಸ್ಸನ್ನೂ ಜೊತೆಗಿಟ್ಟು ನೋಡಿದರು. ವೈರಸ್ ಹರಡುತ್ತಾ ಹೋದಂತೆ ಅದರಲ್ಲಿ ಸಣ್ಣ ಬದಲಾವಣೆಗಳು ಸೇರುತ್ತಾ ಹೋಗುತ್ತವೆ. ಅವನ್ನು ಎಣಿಸಿ ವಂಶವೃಕ್ಷ ಬರೆಯಬಹುದು. ಡುಗಾ ಅವರ ವೈರಸ್ ಬುಡದಲ್ಲಿ ಇರಲಿಲ್ಲ, ನಡುವಿನ ಯಾವುದೋ ಕೊಂಬೆಯಲ್ಲಿತ್ತು. ಈ ಲೆಕ್ಕದ ಪ್ರಕಾರ ವೈರಸ್ ಕೆರಿಬಿಯನ್ ಕಡೆಯಿಂದ ನ್ಯೂಯಾರ್ಕ್ ತಲುಪಿದ್ದು 1971ರ ಆಸುಪಾಸಿನಲ್ಲಿ. ಡುಗಾ ವಿಮಾನ ಹತ್ತಿ ಕೆಲಸ ಶುರುಮಾಡಿದ್ದು 1974ರಲ್ಲಿ. ಅದೇ ತಂಡದಲ್ಲಿದ್ದ ಇತಿಹಾಸಕಾರ ರಿಚರ್ಡ್ ಮೆಕೇ ಓ ಮತ್ತು ಸೊನ್ನೆಯ ಗೊಂದಲವನ್ನು ದಾಖಲೆಗಳಿಂದ ಬಿಡಿಸಿಟ್ಟರು.

ಪೇಶೆಂಟ್ ಜೀರೋ ಎಂಬ ಪದ ಮಾತ್ರ ಸಾಯಲಿಲ್ಲ. ಕೋವಿಡ್ ಕಾಲದಲ್ಲಿ ನಮ್ಮ ರಾಜ್ಯದ ಬುಲೆಟಿನ್‌ಗಳಲ್ಲಿ ರೋಗಿಗಳಿಗೆ ಪಿ ಸಂಖ್ಯೆ ಇದ್ದದ್ದು, ಯಾರಿಂದ ಯಾರಿಗೆ ಎಂದು ಟಿವಿಗಳು ಬಾಣ ಬರೆದು ತೋರಿಸಿದ್ದು ನಿಮಗೆ ನೆನಪಿರಬಹುದು. 2022ರಲ್ಲಿ ಮಂಕಿಪಾಕ್ಸ್ ಬಂದಾಗ ಅದು ಸಲಿಂಗಿಗಳ ಕಾಯಿಲೆ ಎಂಬ ಮಾತು ಮತ್ತೆ ಓಡಾಡಿತು. ಇಂಥ ವರದಿಗಾರಿಕೆ ಕಳಂಕ ಹೆಚ್ಚಿಸುತ್ತದೆ ಎಂದು ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮ ಅದೇ ಮೇ ತಿಂಗಳಲ್ಲಿ ಎಚ್ಚರಿಸಿತ್ತು. ಹತ್ತಿರದ ಚರ್ಮ ಸಂಪರ್ಕದಿಂದ ಯಾರಿಗೆ ಬೇಕಾದರೂ ಬರಬಹುದಾದ ಸೋಂಕು ಅದು. ಎಚ್‌ಐವಿ ಕೂಡ ಹಾಗೆಯೇ, ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ ಅಥವಾ ಸೂಜಿ, ತಾಯಿಯಿಂದ ಮಗುವಿಗೆ, ಈ ದಾರಿಗಳಲ್ಲಿ ಹರಡುತ್ತದೆ. ಭಾರತದಲ್ಲಿ ಬಹುಪಾಲು ಸೋಂಕು ಗಂಡು ಹೆಣ್ಣಿನ ನಡುವಿನ ಸಂಪರ್ಕದಿಂದಲೇ ಬಂದದ್ದು. ಸಲಿಂಗಿಗಳ ಕಾಯಿಲೆ ಎಂದುಕೊಂಡವರು ತಮಗೆ ಪರೀಕ್ಷೆ ಬೇಡ ಎಂದು ಸುಮ್ಮನಿರುತ್ತಾರೆ. ಸಲಿಂಗಿಗಳು ಆಸ್ಪತ್ರೆಗೆ ಹೋಗಲು ಹೆದರುತ್ತಾರೆ. ನಷ್ಟ ಇಬ್ಬರಿಗೂ.

ಇನ್ನೊಂದು ಮಾತು, ಫಾರ್ವರ್ಡ್ ಮಾಡುವವರಿಗೆ. ನಮ್ಮ ದೇಶದಲ್ಲಿ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಸೋಂಕಿತರ ವಿರುದ್ಧ ದ್ವೇಷ ಹರಡುವ ಬರಹ, ಪ್ರಚಾರ ಅದರ ಪ್ರಕಾರ ಅಪರಾಧ, ಜೈಲು ಶಿಕ್ಷೆಗೂ ಅವಕಾಶವಿದೆ. ಸೋಂಕಿನ ಬಗ್ಗೆ ನಿಮಗೇ ಅನುಮಾನವಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಫಲಿತಾಂಶವನ್ನು ಗುಟ್ಟಾಗಿ ಇಡುತ್ತಾರೆ. ಎಆರ್‌ಟಿ ಮಾತ್ರೆಗಳೂ ಸರ್ಕಾರದಿಂದ ಉಚಿತವಾಗಿ ಸಿಗುತ್ತವೆ. ಅವನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ.