ಗಗನಪಥಿಕ ಜೆ. ಆರ್. ಡಿ. ಟಾಟಾ

ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮಾರ್ಗವಾಗಿ ಅರಕಲಗೂಡಿಗೆ ಹೊರಟ ಬಸ್ಸಿನ ಇಂಧನವು ನಡುದಾರಿಯಲ್ಲಿ ಮುಗಿದರೆ ಪ್ರಯಾಣಿಕರಿಗೆ ತೊಂದರೆಯಾದೀತೇ ಹೊರತು ಪ್ರಾಣಭಯವಿಲ್ಲ. ಕಡಲಿನ ಮೇಲೆ ಹಾರುವ ವಿಮಾನದ ಸ್ಥಿತಿ ಹಾಗಲ್ಲ. ಎಲ್ಲಿ ಇಳಿಯಬೇಕು, ಎಷ್ಟು ಇಂಧನ ತುಂಬಬೇಕು ಎಂಬುದನ್ನು ಹೊರಡುವ ಮೊದಲೇ ನಿರ್ಧರಿಸಬೇಕು. ಭಾರತದ ವಿಮಾನಯಾನವು ಶೈಶವಾವಸ್ಥೆಯಲ್ಲಿದ್ದಾಗ ಇಂಥ ಎಚ್ಚರವನ್ನೂ ಸಾಹಸವನ್ನೂ ಒಂದುಗೂಡಿಸಿದವರು ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ.

ಇವರು 1904ರ ಜುಲೈ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಾಯಿ ಸುಝಾನ್ ಫ್ರಾನ್ಸ್ ದೇಶದವರು. ಬಾಲಕ ಟಾಟಾ ಬೇಸಿಗೆಯನ್ನು ಕಳೆಯುತ್ತಿದ್ದ ಕಡಲತೀರದಲ್ಲಿಯೇ ಲೂಯಿ ಬ್ಲೇರಿಯೋ ಅವರ ಮನೆಯೂ ಇತ್ತು. 1909ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ಮೊದಲು ದಾಟಿದವರು ಅವರೇ. ಅಲ್ಲಿ ವಿಮಾನಗಳನ್ನು ಕಂಡ ಬಾಲಕನ ಮನದಲ್ಲಿ ಹಾರುವ ಹಂಬಲ ಬೇರೂರಿತು. 1929ರ ಫೆಬ್ರವರಿಯಲ್ಲಿ ಟಾಟಾ ಅವರು ಭಾರತದಲ್ಲಿ ನೀಡಲಾದ ಮೊದಲನೆಯ ವಿಮಾನಚಾಲನಾ ಪರವಾನಗಿಯನ್ನು ಪಡೆದರು.

ಭಾರತ ಮತ್ತು ಇಂಗ್ಲೆಂಡ್‌ಗಳ ನಡುವೆ ಒಂಟಿಯಾಗಿ ಹಾರುವ ಭಾರತೀಯನಿಗೆ ಆಗಾಖಾನರು ಬಹುಮಾನವನ್ನು ಸಾರಿದ್ದರು. 1930ರಲ್ಲಿ ಟಾಟಾ ಕರಾಚಿಯಿಂದ ಹೊರಟರು. ಆಸ್ಪಿ ಇಂಜಿನಿಯರ್ ಎಂಬ ತರುಣರು ಇಂಗ್ಲೆಂಡಿನಿಂದ ಹೊರಟಿದ್ದರು. ಸಣ್ಣ ವಿಮಾನವಾದುದರಿಂದ ಅಲ್ಲಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಾಗಿತ್ತು. ಟಾಟಾ ಈಜಿಪ್ಟಿನ ಅಬುಕೀರ್‌ನಲ್ಲಿ ಇಳಿದಾಗ, ಆಸ್ಪಿಯವರು ಸ್ಪಾರ್ಕ್ ಪ್ಲಗ್ ದೊರೆಯದೆ ಅಲ್ಲಿಯೇ ಸಿಲುಕಿದ್ದರು. ಪ್ರತಿಸ್ಪರ್ಧಿಯೆಂದು ಎಣಿಸದೆ ಟಾಟಾ ತಮ್ಮಲ್ಲಿದ್ದುದನ್ನು ಕೊಟ್ಟರು. ಕೆಲವೇ ಗಂಟೆಗಳ ಅಂತರದಲ್ಲಿ ಬಹುಮಾನವು ಆಸ್ಪಿಯವರ ಪಾಲಾಯಿತು.

ಅನಂತರ ಟಾಟಾ ಅವರು ನೆವಿಲ್ ವಿನ್ಸೆಂಟ್ ಎಂಬ ವಿಮಾನಚಾಲಕರೊಡನೆ ಅಂಚೆವಿಮಾನ ಸೇವೆಯನ್ನು ಯೋಜಿಸಿದರು. ಕರಾಚಿಯಿಂದ ಮುಂಬಯಿಗೆ ನೇರವಾಗಿ ಹಾರಿದರೆ ಕಚ್ಛ್ ಮತ್ತು ಖಂಭಾತ್ ಕೊಲ್ಲಿಗಳ ಬಳಿ ಕಡಲನ್ನು ದಾಟಬೇಕು. ಅವರ ಪಸ್ ಮಾತ್ ವಿಮಾನಕ್ಕೆ ಇದ್ದುದು ಒಂದೇ ಇಂಜಿನ್. ದಾರಿ ತೋರುವ ರೇಡಿಯೋ ಕೂಡ ಇರಲಿಲ್ಲ. ಆದುದರಿಂದ ದಾರಿ ದೀರ್ಘವಾದರೂ ಅಹಮದಾಬಾದಿನಲ್ಲಿ ಇಳಿಯುವುದೆಂದು ನಿರ್ಧರಿಸಲಾಯಿತು. 1932ರ ಅಕ್ಟೋಬರ್ 15ರ ಬೆಳಿಗ್ಗೆ ಟಾಟಾ ಅಂಚೆಚೀಲಗಳೊಡನೆ ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಪೆಟ್ರೋಲಿನ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು! ಮಧ್ಯಾಹ್ನ ಅವರು ಮುಂಬಯಿಯ ಜುಹು ಬಯಲಿನಲ್ಲಿ ಇಳಿದರು. ಅಲ್ಲಿಂದ ಅಂಚೆಯನ್ನು ಕೊಂಡೊಯ್ದ ವಿನ್ಸೆಂಟ್, ಕನ್ನಡನಾಡಿನ ಬಳ್ಳಾರಿಯಲ್ಲಿ ರಾತ್ರಿ ತಂಗಿ, ಮರುದಿನ ಮದರಾಸನ್ನು ಸೇರಿದರು.

ಈ ಸಣ್ಣ ಸೇವೆಯೇ ಬೆಳೆದು ಏರ್ ಇಂಡಿಯಾ ಆಯಿತು. 1948ರ ಜೂನ್ 8ರಂದು ಅದರ ಮಲಬಾರ್ ಪ್ರಿನ್ಸೆಸ್ ವಿಮಾನವು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ದೊಡ್ಡ ವಿಮಾನವಾದರೂ ಅದು ಕೈರೋ ಮತ್ತು ಜಿನೀವಾಗಳಲ್ಲಿ ತಂಗಿಯೇ ಮುಂದೆ ಸಾಗಿತು. ಆ ಪ್ರಯಾಣದಲ್ಲಿ ಟಾಟಾ ಅವರೂ ಇದ್ದರು.

1982ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ, ಟಾಟಾ ಕರಾಚಿಯಿಂದ ಮುಂಬಯಿಗೆ ಮತ್ತೆ ಸಣ್ಣ ವಿಮಾನವೊಂದನ್ನು ನಡೆಸಿದರು. 1992ರಲ್ಲಿ ಭಾರತರತ್ನ ಪ್ರಶಸ್ತಿ ಅವರಿಗೆ ಸಂದಿತು. 1993ರ ನವೆಂಬರ್ 29ರಂದು ಅವರು ಜಿನೀವಾ ನಗರದಲ್ಲಿ ನಿಧನರಾದರು. ಇಂಧನದ ಲೆಕ್ಕದಲ್ಲಿ ಅವರು ಎಷ್ಟು ಜಾಗರೂಕರೋ, ಸಂಕಟದಲ್ಲಿದ್ದ ಸಹಯಾತ್ರಿಗೆ ನೆರವಾಗುವಲ್ಲಿ ಅಷ್ಟೇ ಉದಾರಿಗಳು. ಎಚ್ಚರದಿಂದ ಕೂಡಿದ ಸಾಹಸವೇ ನಿಜವಾದ ಸಾಹಸವೆಂಬುದಕ್ಕೆ ಅವರ ಬಾಳು ನಿದರ್ಶನವಾಗಿದೆ.