ರಾಜರ್ಷಿ ಶಾಹು ಛತ್ರಪತಿಗಳು: ಬಡವರ ವಿದ್ಯೆಗೆ ಬೊಕ್ಕಸ ತೆರೆದ ಅರಸರು

ಮೃಗಶಿರಾ ಮಳೆಯು ಹಿಡಿಯುವ ಹೊತ್ತಿಗೆ ನಮ್ಮ ನಾಡಿನಲ್ಲಿ ಎರಡು ಬಿತ್ತನೆಗಳು ಏಕಕಾಲಕ್ಕೆ ಮೊದಲಾಗುತ್ತವೆ. ಒಂದು ಹೊಲದಲ್ಲಿ, ಇನ್ನೊಂದು ಶಾಲೆಯಲ್ಲಿ. ಬೀಜ ಗೊಬ್ಬರಗಳಿಗಾಗಿ ಸಾಲವೆತ್ತಿದ ಒಕ್ಕಲಿಗನು ಅದೇ ವಾರದಲ್ಲಿಯೇ ಮಗನ ಪುಸ್ತಕಗಳ, ಮಗಳ ಉಡುಪಿನ ಲೆಕ್ಕವನ್ನೂ ಹಾಕಬೇಕಾಗುತ್ತದೆ. ಗಂಗಾವತಿ ತಾಲೂಕಿನ ವಿರೂಪಾಪುರಗಡ್ಡೆಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಹಂಪೆಯ ವಿರೂಪಾಕ್ಷನ ಗೋಪುರಕ್ಕೆ ಇದಿರಾಗಿ ತುಂಗಭದ್ರೆಯ ನೀರಿನ ನಡುವೆ ಇರುವ ಆ ನೆಲದಿಂದ ಆಚೆಯ ದಡವು ಕೂಗಳತೆಯಲ್ಲಿದ್ದರೂ, ಹೊಳೆಯು ತುಂಬಿ ಬಂದಿತೆಂದರೆ ದೋಣಿ ನಿಲ್ಲುವುದು, ದಡವು ದೂರವಾಗುವುದು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಅಲ್ಲಿಯ ಪ್ರವಾಸಿಗರ ವಸತಿಗೃಹಗಳು ತೆರವಾದವು. ಅವುಗಳಲ್ಲಿ ದುಡಿಯುತ್ತಿದ್ದವರು ಬೇರೆ ದುಡಿಮೆಯನ್ನು ಅರಸಬೇಕಾಯಿತು. ತೀರ್ಪಿನ ವಿಚಾರವು ಈ ಲೇಖನದ ವಿಷಯವಲ್ಲ. ಆದರೆ ಮನೆಯ ಗಳಿಕೆಯು ಕುಗ್ಗಿದಾಗ ಮೊದಲು ಕತ್ತರಿ ಬೀಳುವುದು ಮಕ್ಕಳ ಓದಿಗೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಇಂತಹ ಮನೆಗಳಿಗೆ ಸರಕಾರವು ವಿದ್ಯಾರ್ಥಿವೇತನವೆಂದೂ ಊಟ ವಸತಿಯ ನೆರವೆಂದೂ ಕೊಡುವ ಹಣವನ್ನು ಕುರಿತು ಪಟ್ಟಣದ ಸಭ್ಯರಲ್ಲಿಯೂ ಕಚೇರಿಯ ಅಧಿಕಾರಿಗಳಲ್ಲಿಯೂ ಒಂದು ತಪ್ಪು ಭಾವನೆಯು ಬೇರೂರಿದೆ. ಅದು ದಾನವೆಂದೂ, ಕೊಟ್ಟರೆ ಪುಣ್ಯ, ಕೊಡದಿದ್ದರೆ ದೋಷವಿಲ್ಲವೆಂದೂ ಅವರು ಬಗೆಯುತ್ತಾರೆ. ಈ ಭಾವನೆಗೆ ಉತ್ತರವನ್ನು ಒಬ್ಬ ಅರಸರ ಬಾಳಿನಲ್ಲಿ ಕಾಣಬಹುದಾಗಿದೆ. ಅವರೇ ಕೊಲ್ಲಾಪುರದ ಶಾಹು ಛತ್ರಪತಿಗಳು. ಅವರನ್ನು ಮಹಾರಾಷ್ಟ್ರದವರೆಂದು ಹೇಳಿ ಕೈತೊಳೆದುಕೊಳ್ಳುವ ಅಧಿಕಾರವು ಕನ್ನಡಿಗರಿಗಿಲ್ಲ.

ಶಾಹು ಮಹಾರಾಜರು 1874ರಲ್ಲಿ ಕಾಗಲದ ಘಾಟಗೆ ಮನೆತನದಲ್ಲಿ ಜನಿಸಿದರು. ಆಗ ಅವರ ಹೆಸರು ಯಶವಂತರಾವ್. ತಂದೆ ಜಯಸಿಂಗರಾವ್, ತಾಯಿ ರಾಧಾಬಾಯಿಯವರು ನಮ್ಮ ಮುಧೋಳದ ಘೋರ್ಪಡೆ ಅರಸರ ಮನೆಯ ಮಗಳು. ಎಳೆವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಬಾಲಕನನ್ನು 1884ರಲ್ಲಿ ಕೊಲ್ಲಾಪುರದ ರಾಣಿ ಆನಂದೀಬಾಯಿಯವರು ದತ್ತಕ ತೆಗೆದುಕೊಂಡರು. ರಾಜಕೋಟೆಯ ರಾಜಕುಮಾರ ಕಾಲೇಜಿನಲ್ಲಿ ಕೆಲವು ವರುಷ ಕಲಿತ ಮೇಲೆ, 1890ರಿಂದ 1894ರ ವರೆಗೆ ಅವರ ವಿದ್ಯಾಭ್ಯಾಸವು ನಡೆದದ್ದು ಧಾರವಾಡದಲ್ಲಿ, ಸ್ಟುವರ್ಟ್ ಫ್ರೇಜರ್ ಎಂಬ ಆಂಗ್ಲ ಅಧಿಕಾರಿಯ ಕೈಕೆಳಗೆ. ಇದೇ ಫ್ರೇಜರರು ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರು. ಬಳಿಕ ಹೈದರಾಬಾದಿನಲ್ಲಿ ರೆಸಿಡೆಂಟರೂ ಆದರು. ಅಂದು ಕೊಪ್ಪಳ ಗಂಗಾವತಿಗಳ ಸೀಮೆಯು ನಿಜಾಮರ ಆಳ್ವಿಕೆಯಲ್ಲಿದ್ದಿತು.

1894ರ ಏಪ್ರಿಲ್ ತಿಂಗಳಲ್ಲಿ ಇಪ್ಪತ್ತು ವರುಷ ತುಂಬುವುದಕ್ಕೆ ಮುಂಚೆಯೇ ಮಹಾರಾಜರು ರಾಜ್ಯಭಾರವನ್ನು ವಹಿಸಿಕೊಂಡರು. ಸಂಸ್ಥಾನದ ಕಚೇರಿಗಳನ್ನು ನೋಡಿದಾಗ ಅವರಿಗೆ ಕಂಡುಬಂದ ಸಂಗತಿಯು ಇದು: ಸಾಮಾನ್ಯ ಆಡಳಿತದ 71 ಹುದ್ದೆಗಳಲ್ಲಿ 60 ಒಂದೇ ವರ್ಗದವರ ಕೈಯಲ್ಲಿದ್ದವು. ಉಳಿದ ಪ್ರಜೆಗಳು ತೆರಿಗೆಯನ್ನು ಕೊಡುವವರು ಮಾತ್ರ. ಅದನ್ನು ಲೆಕ್ಕ ಹಾಕುವವರಲ್ಲಿ ಅವರು ಇರಲಿಲ್ಲ. ಇದಕ್ಕೆ ಕಾರಣವನ್ನು ಹುಡುಕುತ್ತ ಹೋದಂತೆ ದಾರಿಯು ಕಚೇರಿಯಿಂದ ಶಾಲೆಗೂ, ಶಾಲೆಯಿಂದ ಬಡವನ ಅಡಿಗೆಮನೆಗೂ ಬಂದು ಮುಟ್ಟಿತು.

ಶಾಲೆಯ ಫೀಜು ಬಡವನನ್ನು ತಡೆಯುವ ಅಡ್ಡಿಗಳಲ್ಲಿ ಅತ್ಯಂತ ಚಿಕ್ಕದು. ಹಳ್ಳಿಯ ಹುಡುಗನು ಪಟ್ಟಣಕ್ಕೆ ಬಂದರೆ ಎಲ್ಲಿ ಮಲಗಬೇಕು? ಯಾರ ಮನೆಯಲ್ಲಿ ಉಣ್ಣಬೇಕು? ಅಂದಿನ ಕಾಲದಲ್ಲಿ ವಾರಾನ್ನದ ಪದ್ಧತಿಯು ಕೆಲವು ಜಾತಿಗಳ ಮಕ್ಕಳಿಗೆ ಮಾತ್ರ ದೊರೆಯುತ್ತಿದ್ದಿತು. ಒಕ್ಕಲಿಗನ, ಕುರುಬನ, ಚಮ್ಮಾರನ ಮಗನಿಗೆ ಪಟ್ಟಣದಲ್ಲಿ ಬಾಗಿಲು ತೆರೆಯುವ ಮನೆ ಇರಲಿಲ್ಲ. ಶಾಲೆಯು ಎಲ್ಲರಿಗೂ ತೆರೆದಿದೆಯೆಂದು ಸರಕಾರವು ಹೇಳಬಹುದು. ಆದರೆ ಅದರ ಹೊಸ್ತಿಲಿನವರೆಗೆ ಬರುವ ದಾರಿಯೇ ಮುಚ್ಚಿದ್ದರೆ ಆ ಮಾತಿಗೆ ಬೆಲೆಯಿಲ್ಲ.

1896ರಲ್ಲಿ ಎಲ್ಲ ಜಾತಿಯ ವಿದ್ಯಾರ್ಥಿಗಳಿಗಾಗಿ ಒಂದು ವಸತಿಗೃಹವು ಕೊಲ್ಲಾಪುರದಲ್ಲಿ ಏರ್ಪಟ್ಟಿತು. ಹೆಸರಿಗೆ ಅದು ಎಲ್ಲರದಾದರೂ ಬಳಕೆಯಲ್ಲಿ ಬಹುಮಟ್ಟಿಗೆ ಮುಂದುವರಿದವರದೇ ಆಯಿತು. ಈ ಅನುಭವದಿಂದ ಮಹಾರಾಜರು ಬೇರೆ ಮಾರ್ಗವನ್ನು ಹಿಡಿದರು. 1901ರಲ್ಲಿ ಮರಾಠಾ ವಿದ್ಯಾರ್ಥಿಗಳ ಬೋರ್ಡಿಂಗು ಆರಂಭವಾಯಿತು. ಅದೇ ಕಾಲಕ್ಕೆ ಜೈನರಿಗೆ, ಬಳಿಕ ಮುಸಲ್ಮಾನರಿಗೆ, ಲಿಂಗಾಯತರಿಗೆ, ಇನ್ನೂ ಹಲವು ಸಮಾಜಗಳಿಗೆ ಒಂದೊಂದಾಗಿ ವಸತಿಗೃಹಗಳು ಎದ್ದವು. 1908ರಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಹೆಸರಿನ ವಸತಿಗೃಹವು ತೆರೆಯಿತು. ಸಂಸ್ಥಾನವು ನಿವೇಶನವನ್ನೂ ಧನವನ್ನೂ ಕೊಡುವುದು, ಆಯಾ ಸಮಾಜದ ಹಿರಿಯರು ವ್ಯವಸ್ಥೆಯನ್ನು ನೋಡಿಕೊಳ್ಳುವುದು, ಇದೇ ಅವುಗಳ ಕ್ರಮ. ಆಶ್ರಯವು ಒಂದು ವರುಷದ ಉದಾರತೆಯಾಗಿರಲಿಲ್ಲ. ಹುಡುಗನು ಓದು ಮುಗಿಸುವ ತನಕ ಅನ್ನವು ನಿಲ್ಲಬಾರದೆಂಬ ದೂರದೃಷ್ಟಿ ಅದರಲ್ಲಿದ್ದಿತು.

ಜಾತಿಗೊಂದು ಮನೆಯನ್ನು ಕಟ್ಟಿದರೆ ಜಾತಿಭೇದವು ಗಟ್ಟಿಯಾಗುವುದಿಲ್ಲವೇ ಎಂದು ಅಂದೂ ಕೇಳಿದರು, ಇಂದೂ ಕೇಳುವವರಿದ್ದಾರೆ. ಈ ಆಕ್ಷೇಪಣೆಯನ್ನು ನಾವು ತೃಣೀಕರಿಸುವುದಿಲ್ಲ. ಆದರೆ ಎಲ್ಲರಿಗೂ ಒಂದೇ ಮನೆಯೆಂಬ ಪ್ರಯತ್ನವು ಮೊದಲು ನಡೆದು ವಿಫಲವಾಯಿತೆಂಬುದನ್ನು ಮರೆಯಬಾರದು. ಇದಲ್ಲದೆ, ವಸತಿಯಲ್ಲಿ ಬೇರ್ಪಡಿಸಿದ ಅರಸರೇ ಪಾಠದಲ್ಲಿ ಕೂಡಿಸಿದರು. 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿ, ಆ ಮಕ್ಕಳನ್ನು ಎಲ್ಲರ ಶಾಲೆಗಳಲ್ಲಿಯೇ ಸೇರಿಸಿಕೊಳ್ಳಬೇಕೆಂದು ಆಜ್ಞೆ ಮಾಡಿದರು.

ಓದಿದವನಿಗೆ ಕೆಲಸವಿಲ್ಲದಿದ್ದರೆ ಓದಿನಲ್ಲಿ ತಂದೆಯ ನಂಬಿಕೆ ಉಳಿಯದು. ಆದುದರಿಂದ 1902ರ ಜುಲೈ 26ರಂದು ಹೊರಡಿಸಿದ ಆಜ್ಞೆಯಿಂದ, ಸಂಸ್ಥಾನದಲ್ಲಿ ತೆರವಾಗುವ ಹುದ್ದೆಗಳಲ್ಲಿ ನೂರಕ್ಕೆ ಐವತ್ತನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಟ್ಟರು. ಇದಕ್ಕಾಗಿ ಅವರು ಸಹಿಸಿದ ನಿಂದೆಯು ಸ್ವಲ್ಪವಲ್ಲ. ಪತ್ರಿಕೆಗಳಲ್ಲಿ ಟೀಕೆ, ವೇದೋಕ್ತ ಪ್ರಕರಣದಿಂದ ಹುಟ್ಟಿದ ವೈಮನಸ್ಯ, ರಾಷ್ಟ್ರೀಯ ಪಕ್ಷದ ದೊಡ್ಡವರ ವಿರೋಧ, ಇವೆಲ್ಲವೂ ಅವರ ಪಾಲಿಗೆ ಬಂದವು. ಬ್ರಿಟಿಷರ ಸ್ನೇಹವನ್ನು ಅವರು ಬಿಡಲಿಲ್ಲವೆಂಬುದೂ ನಿಜವೇ. ದೇಶದ ಸ್ವಾತಂತ್ರ್ಯವೇ ಮೊದಲೆಂದವರಿಗೆ ಅವರ ಹಾದಿ ಹಿಡಿಸಲಿಲ್ಲ. ಆದರೆ ಅಕ್ಷರವಿಲ್ಲದ ಪ್ರಜೆಗೆ ಸ್ವರಾಜ್ಯವು ಬಂದರೂ ಅದು ಯಾರ ರಾಜ್ಯವಾದೀತೆಂಬ ಪ್ರಶ್ನೆಯನ್ನು ಅವರ ಕೃತಿಗಳು ಎತ್ತಿದವು. ರಾಷ್ಟ್ರಾಭಿಮಾನಿಗಳು ಅದಕ್ಕೆ ಉತ್ತರ ಕೊಡಲೇಬೇಕಾಯಿತು.

ಪ್ರಾಥಮಿಕ ಶಿಕ್ಷಣದಲ್ಲಿ ಬಡೋದೆಯ ಸಯಾಜಿರಾವ್ ಮಹಾರಾಜರು ಎಲ್ಲರಿಗಿಂತ ಮುಂದೆ ನಡೆದು 1906ರಲ್ಲಿ ತಮ್ಮ ಸಂಸ್ಥಾನದಲ್ಲೆಲ್ಲ ಕಡ್ಡಾಯ ಶಿಕ್ಷಣವನ್ನು ಜಾರಿಗೆ ತಂದಿದ್ದರು. ಇಡಿಯ ದೇಶಕ್ಕಾಗಿ ಗೋಖಲೆಯವರು 1911ರಲ್ಲಿ ತಂದ ಮಸೂದೆಯು ಮರುವರುಷ ಸರಕಾರದ ಬಹುಮತದ ಮುಂದೆ ಬಿದ್ದುಹೋಯಿತು. ಬ್ರಿಟಿಷ್ ಸರಕಾರವು ಹಣವಿಲ್ಲವೆಂದು ಕೈಬಿಟ್ಟ ಕಾರ್ಯವನ್ನು ಕೊಲ್ಲಾಪುರದಂತಹ ಚಿಕ್ಕ ಸಂಸ್ಥಾನವು 1917ರಲ್ಲಿ ಕೈಕೊಂಡಿತು. ಪ್ರಾಥಮಿಕ ಶಿಕ್ಷಣವು ಶುಲ್ಕವಿಲ್ಲದ್ದೂ ಕಡ್ಡಾಯವಾದದ್ದೂ ಆಯಿತು. ಮಗುವನ್ನು ಶಾಲೆಗೆ ಕಳಿಸದ ತಂದೆಗೆ ತಿಂಗಳಿಗೆ ಒಂದು ರೂಪಾಯಿ ದಂಡವೂ ಗೊತ್ತಾಯಿತು.

ಈ ದಂಡದ ವಿಷಯದಲ್ಲಿ ಒಂದು ಮಾತನ್ನು ಹೇಳಬೇಕಾಗಿದೆ. ಕೂಲಿಯವನಿಗೆ ಅಂದಿನ ಒಂದು ರೂಪಾಯಿಯು ಹಗುರವಾದುದಲ್ಲ. ದನ ಕಾಯುವ ಹುಡುಗನೂ ತಂಗಿಯನ್ನು ಎತ್ತಿಕೊಳ್ಳುವ ಹುಡುಗಿಯೂ ಬಡವನ ಮನೆಯಲ್ಲಿ ದುಡಿಯುವ ಕೈಗಳೇ. ಆ ಕೈಗಳನ್ನು ಶಾಲೆಗೆ ಕಳಿಸುವುದೆಂದರೆ ಗಳಿಕೆಯನ್ನು ಬಿಡುವುದೆಂದೇ ಅರ್ಥ. ದಂಡದಿಂದ ಮಗುವನ್ನು ಶಾಲೆಗೆ ತರಬಹುದು. ಆದರೆ ಅಲ್ಲಿ ಉಳಿಸಿಕೊಳ್ಳಲು ಅನ್ನವೇ ಬೇಕು. ಮಹಾರಾಜರ ಎರಡು ಕೈಗಳಲ್ಲಿ ದಂಡವನ್ನು ಹಿಡಿದ ಕೈಗಿಂತ ವಸತಿಗೃಹಗಳನ್ನು ಕಟ್ಟಿದ ಕೈಯೇ ಹೆಚ್ಚು ಫಲವನ್ನು ಕೊಟ್ಟಿತೆಂದು ನಮ್ಮ ಅಭಿಪ್ರಾಯ.

ಆ ಫಲಗಳು ಕನ್ನಡ ನಾಡಿಗೂ ಸಂದವು. ರಯತ ಶಿಕ್ಷಣ ಸಂಸ್ಥೆಯನ್ನು 1919ರಲ್ಲಿ ಸ್ಥಾಪಿಸಿದ ಕರ್ಮವೀರ ಭಾವೂರಾವ್ ಪಾಟೀಲರು ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದವರು. ಮಹಾರಾಜರ ಚರಿತ್ರೆಯನ್ನು 1924ರಲ್ಲಿ ಬರೆದ ಅಣ್ಣಾಸಾಹೇಬ ಲಠ್ಠೆಯವರು ಬೆಳಗಾವಿಯ ಸಾರ್ವಜನಿಕ ಜೀವನದಲ್ಲಿ ಹೆಸರಾಗಿ, 1937ರಲ್ಲಿ ಮುಂಬಯಿಯ ಅರ್ಥಮಂತ್ರಿಗಳಾದರು. ಮಹಾರಾಜರು 1920ರಲ್ಲಿ ಹುಬ್ಬಳ್ಳಿಯ ಬ್ರಾಹ್ಮಣೇತರ ಪರಿಷತ್ತಿಗೆ ಬಂದು ಅಧ್ಯಕ್ಷತೆಯನ್ನು ವಹಿಸಿದರು. ಅದೇ ವರುಷದ ಮಾರ್ಚಿನಲ್ಲಿ ಮಾಣಗಾವಿಯ ಪರಿಷತ್ತಿನಲ್ಲಿ ತರುಣ ಅಂಬೇಡಕರರನ್ನು ದಲಿತರ ಮುಂದಾಳುವೆಂದು ಬಹಿರಂಗವಾಗಿ ಗೌರವಿಸಿದರು. ಅವರ ಪತ್ರಿಕೆಗೂ ಧನಸಹಾಯ ಮಾಡಿದರು.

1922ರ ಮೇ 6ರಂದು ಮಹಾರಾಜರು ಮುಂಬಯಿಯಲ್ಲಿ ತೀರಿಕೊಂಡಾಗ ಅವರಿಗೆ ನಾಲ್ವತ್ತೆಂಟು ವರುಷಗಳೂ ತುಂಬಿರಲಿಲ್ಲ. ಭೋಗಾವತಿ ನದಿಗೆ ಅವರು ಆರಂಭಿಸಿದ ರಾಧಾನಗರಿಯ ಅಣೆಕಟ್ಟು ಅವರ ಕಾಲಕ್ಕೆ ಮುಗಿಯಲಿಲ್ಲ. ವಿದ್ಯೆಯ ಅಣೆಕಟ್ಟೂ ಹಾಗೆಯೇ. ಆದರೆ ನೀರು ನಿಲ್ಲಲಿಲ್ಲ. ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೇರಿಕಕ್ಕೆ ಹೋಗಿ ಓದಿದ ಅಂಬೇಡಕರರು ವೈಸರಾಯರ ಸಭೆಯ ಸದಸ್ಯರಾಗಿದ್ದ ಕಾಲದಲ್ಲಿಯೇ, 1944ರಲ್ಲಿ, ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಭಾರತ ಸರಕಾರದಿಂದ ಮೊದಲಾಯಿತು. ಅರಸರ ಅನುಗ್ರಹವು ಸರಕಾರದ ನಿಯಮವಾಯಿತು. 2002ರ ಸಂವಿಧಾನ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವಯಸ್ಸಿನ ಮಗುವಿಗೆ ಶಿಕ್ಷಣವು ಮೂಲಭೂತ ಹಕ್ಕೇ ಆಯಿತು. 2010ರಿಂದ ಅದರ ಕಾಯಿದೆಯು ಜಾರಿಗೆ ಬಂದಿತು.

ನಮ್ಮ ಸೀಮೆಯ ಮಾತಿಗೆ ಬರೋಣ. ನಿಜಾಮರ ಆಳ್ವಿಕೆಯು 1948ರ ಸಪ್ಟೆಂಬರದಲ್ಲಿ ಕೊನೆಗೊಳ್ಳುವ ವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗೆಗಳ ಕನ್ನಡ ಮಗುವಿಗೆ ಮನೆಯ ಮಾತು ಬೇರೆ, ಆಡಳಿತದ ಮಾತು ಬೇರೆಯಾಗಿದ್ದಿತು. ಆ ಕಾಲದಲ್ಲಿ ಹಿಂದೆ ಬಿದ್ದ ನಾಡಿಗೆ ವಿಶೇಷ ಸೌಲಭ್ಯವನ್ನು ಕೊಡಬೇಕೆಂಬ 371ಜೆ ವಿಧಿಯು ಜಾರಿಗೆ ಬಂದದ್ದು 2013ರಲ್ಲಿ. ರಾಜ್ಯದ ಶಾಲೆಗಳಲ್ಲಿ ಬಿಸಿಯೂಟದ ಅಕ್ಷರ ದಾಸೋಹವು 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. ವಸತಿನಿಲಯದಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ ವಸತಿಗಾಗಿ ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಗಳಂತೆ ಹತ್ತು ತಿಂಗಳು ಕೊಡುತ್ತಿದ್ದ ವಿದ್ಯಾಸಿರಿಯು 2013ರಲ್ಲಿ ಆರಂಭವಾಯಿತು. 2021ರಲ್ಲಿ ರೈತರ ಮಕ್ಕಳಿಗಾಗಿ ವಿದ್ಯಾನಿಧಿಯು ಬಂದಿತು. ಕೊಪ್ಪಳದ ಗವಿಮಠವು ಮಕ್ಕಳಿಗೆ ಅನ್ನವನ್ನೂ ಆಶ್ರಯವನ್ನೂ ಕೊಡುತ್ತ ಬಂದಿದೆ. ಇವೆಲ್ಲವುಗಳಲ್ಲಿಯೂ ಕೊಲ್ಲಾಪುರದ ವಸತಿಗೃಹಗಳ ತತ್ತ್ವವೇ ಇದೆ: ಓದುವ ಮಗುವಿಗೆ ಮೊದಲು ಹಸಿವು ಹಿಂಗಬೇಕು, ತಲೆಯ ಮೇಲೊಂದು ಮಾಡು ಇರಬೇಕು.

ಆದರೆ ಹಣವನ್ನು ಮಂಜೂರು ಮಾಡಿದ ಮಾತ್ರಕ್ಕೆ ಕರ್ತವ್ಯವು ತೀರಿತೆಂದು ಅಧಿಕಾರಿಗಳು ತಿಳಿಯಬಾರದು. ಜೂನಿನಲ್ಲಿ ಬೇಕಾದುದು ಮಾರ್ಚಿನಲ್ಲಿ ಕೈಸೇರಿದರೆ ಅದು ಪುಸ್ತಕವಾಗುವುದಿಲ್ಲ, ಸಾಲದ ಬಡ್ಡಿಯಾಗುತ್ತದೆ. ಜಾತಿ, ಆದಾಯ, ಬ್ಯಾಂಕುಗಳ ಕಾಗದಗಳಿಗಾಗಿ ಕೂಲಿಯವನು ಮೂರು ದಿನ ಕಚೇರಿಗೆ ತಿರುಗಿದರೆ ಮೂರು ದಿನದ ಕೂಲಿಯು ಹೋಯಿತು. ಆ ನಷ್ಟವನ್ನು ಯಾವ ಲೆಕ್ಕದ ಪುಸ್ತಕವೂ ತೋರಿಸುವುದಿಲ್ಲ. ಪರೀಕ್ಷಿಸದೆ ಕೊಡಿರೆಂದು ನಾವು ಹೇಳುವುದಿಲ್ಲ. ಸಾರ್ವಜನಿಕರ ಹಣವು ಅರ್ಹರಿಗೇ ಸಲ್ಲತಕ್ಕದ್ದು. ಆದರೆ ಪರೀಕ್ಷೆಯ ಭಾರವನ್ನು ಹೊರಬೇಕಾದವರು ಸಂಬಳ ಪಡೆಯುವ ನೌಕರರೇ ಹೊರತು ದಿನಗೂಲಿಯ ತಂದೆತಾಯಿಗಳಲ್ಲ.

ಕೊಡುವವನು ತಾನು ದಾನಿಯೆಂದು ತಿಳಿದರೆ ಬೇಡುವವನನ್ನು ಕಾಯಿಸುತ್ತಾನೆ. ಋಣಿಯೆಂದು ತಿಳಿದರೆ ಹೊತ್ತಿಗೆ ಸರಿಯಾಗಿ ಸಲ್ಲಿಸುತ್ತಾನೆ. ಹಸಿದ ಮಕ್ಕಳ ದಾರಿಯು ಎಲ್ಲಿ ಕಡಿದಿದೆಯೆಂದು ಕಂಡು ಅಲ್ಲಿಯೇ ಕಟ್ಟಿದ್ದರಿಂದ ಶಾಹು ಛತ್ರಪತಿಗಳು ರಾಜರ್ಷಿಗಳೆನಿಸಿದರು. ನಮಗೆ ಈಗ ಅರಸರಿಲ್ಲ. ಬೊಕ್ಕಸವು ಪ್ರಜೆಗಳದು, ಅದರ ಬೀಗದ ಕೈಯು ಈ ಪುಟವನ್ನು ಓದುತ್ತಿರುವ ಅನೇಕರ ಕೈಯಲ್ಲಿಯೇ ಇದೆ. ವಿರೂಪಾಪುರಗಡ್ಡೆಯ ಹೊಳೆ ತುಂಬುವುದನ್ನು ಯಾರೂ ತಡೆಯಲಾರರು. ಕಚೇರಿಯ ವಿಳಂಬವನ್ನು ತಡೆಯಬಹುದು.