ಆಲ್ಫ್ರೆಡ್ ರೆಡ್‌ಫೀಲ್ಡ್

ಆಲ್ಫ್ರೆಡ್ ಕ್ಲಾರೆನ್ಸ್ ರೆಡ್‌ಫೀಲ್ಡ್ (ನವೆಂಬರ್ ೧೫, ೧೮೯೦ – ಮಾರ್ಚ್ ೧೭, ೧೯೮೩) ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಮತ್ತು ಸಾಗರ ವಿಜ್ಞಾನಿ. ಸಮುದ್ರದ ಪ್ಲವಕಗಳಿಗೂ ನೀರಿನಲ್ಲಿ ಕರಗಿರುವ ಪೋಷಕಾಂಶಗಳಿಗೂ ಇರುವ ಸಂಬಂಧವನ್ನು ತಿಳಿಸುವ 'ರೆಡ್‌ಫೀಲ್ಡ್ ಅನುಪಾತ'ದಿಂದ ಇವರು ಪ್ರಸಿದ್ಧರಾಗಿದ್ದಾರೆ.

ಜನನ ಮತ್ತು ಶಿಕ್ಷಣ

ರೆಡ್‌ಫೀಲ್ಡ್ ಅವರು ಫಿಲಡೆಲ್ಫಿಯಾದಲ್ಲಿ ಜನಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ ೧೯೧೭ರಲ್ಲಿ ಡಾಕ್ಟರೇಟ್ ಪಡೆದರು. ಓತಿಕೇತದ ಜಾತಿಯ ಪ್ರಾಣಿಯೊಂದರ ಚರ್ಮದ ಬಣ್ಣ ಬದಲಾಗುವ ಬಗೆ ಅವರ ಸಂಶೋಧನೆಯ ವಿಷಯವಾಗಿತ್ತು. ಮುಂದೆ ಅವರು ಹಾರ್ವರ್ಡ್‌ನಲ್ಲಿಯೇ ಪ್ರಾಧ್ಯಾಪಕರಾದರು. ೧೯೩೦ರಲ್ಲಿ ವುಡ್ಸ್ ಹೋಲ್ ಸಾಗರ ವಿಜ್ಞಾನ ಸಂಸ್ಥೆ ಸ್ಥಾಪನೆಯಾದಾಗ ಅದರ ಆರಂಭಿಕ ವಿಜ್ಞಾನಿಗಳಲ್ಲಿ ಒಬ್ಬರಾಗಿ, ೧೯೪೨ರಲ್ಲಿ ಸಹ ನಿರ್ದೇಶಕರಾದರು.

ರೆಡ್‌ಫೀಲ್ಡ್ ಅನುಪಾತ

ಸಮುದ್ರದ ನೀರಿನಲ್ಲಿರುವ ನೈಟ್ರೇಟ್ ಮತ್ತು ಫಾಸ್ಫೇಟ್‌ಗಳ ಪ್ರಮಾಣವು ಪ್ಲವಕಗಳ ದೇಹದಲ್ಲಿರುವ ಸಾರಜನಕ ಮತ್ತು ರಂಜಕಗಳ ಪ್ರಮಾಣಕ್ಕೆ ಬಹುಮಟ್ಟಿಗೆ ಹೊಂದುತ್ತದೆ ಎಂಬುದನ್ನು ಅವರು ೧೯೩೪ರಲ್ಲಿ ಪ್ರಕಟಿಸಿದರು. ಆಗ ೨೦:೧ ಎಂದಿದ್ದ ಈ ಪ್ರಮಾಣ, ಫಾಸ್ಫೇಟ್ ಅಳತೆಯ ದೋಷಗಳು ತಿದ್ದಲ್ಪಟ್ಟ ಮೇಲೆ ೧೬:೧ಕ್ಕೆ ಇಳಿಯಿತು. ಇಂಗಾಲವನ್ನೂ ಸೇರಿಸಿದರೆ ಇದು ೧೦೬:೧೬:೧ ಆಗುತ್ತದೆ. ಜೀವಿಗಳು ಸಾಗರದ ರಾಸಾಯನಿಕ ಸ್ಥಿತಿಗೆ ಹೊಂದಿಕೊಳ್ಳುವುದಷ್ಟೇ ಅಲ್ಲ, ಅದನ್ನು ರೂಪಿಸುತ್ತವೆ ಎಂಬುದು ೧೯೫೮ರ ಅವರ ಲೇಖನದ ತಿರುಳು.

ಕರಾವಳಿಯ ಅಧ್ಯಯನ

ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನಲ್ಲಿ ಗ್ರೇಟ್ ಸೌತ್ ಬೇ ಮತ್ತು ಮೊರಿಚೆಸ್ ಬೇ ಎಂಬ ಎರಡು ಲಗೂನ್‌ಗಳಿವೆ. ಉದ್ದನೆಯ ಮರಳುದಿಬ್ಬಗಳು ಇವನ್ನು ಸಾಗರದಿಂದ ಬೇರ್ಪಡಿಸಿವೆ. ದಡದ ಬಾತುಕೋಳಿ ಸಾಕಣೆ ಕೇಂದ್ರಗಳ ತ್ಯಾಜ್ಯ ನೀರಿಗೆ ಸೇರಿ, ಅತಿ ಸೂಕ್ಷ್ಮವಾದ ಹಸಿರು ಪಾಚಿ ದಟ್ಟವಾಗಿ ಬೆಳೆಯಿತು. ಸಿಂಪಿಗಳಿಗೆ ಆಹಾರವಾಗುತ್ತಿದ್ದ ಸಸ್ಯಪ್ಲವಕಗಳ ಸ್ಥಾನವನ್ನು ಅದು ಆಕ್ರಮಿಸಿದ್ದರಿಂದ ಸಿಂಪಿ ಕೃಷಿಯನ್ನೇ ನಂಬಿದ್ದವರು ನಷ್ಟಕ್ಕೊಳಗಾದರು. ಈ ನೀರಿನ ಚಲನೆಯನ್ನು ಕುರಿತು ರೆಡ್‌ಫೀಲ್ಡ್ ೧೯೫೨ರಲ್ಲಿ ಸ್ಥಳೀಯ ಆಡಳಿತಗಳಿಗೆ ವರದಿ ನೀಡಿದರು. ಅದೇ ಸಂಸ್ಥೆಯ ಜಾನ್ ರೈಥರ್ ಅವರು ಪಾಚಿಯ ಬೆಳವಣಿಗೆಯನ್ನು ಅಧ್ಯಯನ ಮಾಡಿ ೧೯೫೪ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾತುಕೋಳಿಗಳ ತ್ಯಾಜ್ಯದಲ್ಲಿ ರಂಜಕಕ್ಕೆ ಹೋಲಿಸಿದರೆ ಸಾರಜನಕ ಕಡಿಮೆ. ಆದ್ದರಿಂದ ಸಾರಜನಕವೆಲ್ಲ ಬಳಕೆಯಾದ ಮೇಲೂ ನೀರಿನಲ್ಲಿ ಫಾಸ್ಫೇಟ್ ಉಳಿಯುತ್ತಿತ್ತು. ಇಂತಹ ನೀರಿನಲ್ಲಿ ಪಾಚಿಯ ಬೆಳವಣಿಗೆಗೆ ಮಿತಿ ಹಾಕುವುದು ಸಾರಜನಕವೇ ಎಂಬ ತಿಳಿವಳಿಕೆಗೆ ಈ ಅಧ್ಯಯನಗಳು ನೆರವಾದವು.

ನಂತರದ ವರ್ಷಗಳು

ನಿವೃತ್ತಿಯ ನಂತರವೂ ಅವರು ಮ್ಯಾಸಚೂಸೆಟ್ಸ್‌ನ ಬಾರ್ನ್‌ಸ್ಟೇಬಲ್ ಉಪ್ಪುಜೌಗಿನ ರಚನೆಯನ್ನು ಅಧ್ಯಯನ ಮಾಡಿ, ೧೯೭೨ರಲ್ಲಿ ದೀರ್ಘ ಪ್ರಬಂಧ ಪ್ರಕಟಿಸಿದರು. ಆಗ ಅವರಿಗೆ ಎಂಬತ್ತು ದಾಟಿತ್ತು. ೧೯೮೩ರಲ್ಲಿ ನಿಧನರಾದರು. ವುಡ್ಸ್ ಹೋಲ್ ಸಂಸ್ಥೆಯ ಪ್ರಯೋಗಾಲಯವೊಂದಕ್ಕೆ ಅವರ ಹೆಸರಿಡಲಾಗಿದೆ.

ಮಹತ್ವ

ರೆಡ್‌ಫೀಲ್ಡ್ ಅನುಪಾತವು ಒಂದು ಸರಾಸರಿಯೇ ಹೊರತು ಎಲ್ಲ ಜೀವಿಗಳಿಗೂ ಅನ್ವಯಿಸುವ ಕಟ್ಟಳೆಯಲ್ಲ; ಪ್ಲವಕದ ಜಾತಿ, ಬೆಳಕು ಮತ್ತು ಪೋಷಕಾಂಶಗಳ ಲಭ್ಯತೆಗೆ ತಕ್ಕಂತೆ ಅದು ವ್ಯತ್ಯಾಸಗೊಳ್ಳುತ್ತದೆ. ಆದರೂ ಲಗೂನ್ ಅಥವಾ ಅಳಿವೆಯ ನೀರಿನಲ್ಲಿ ಯಾವ ಪೋಷಕಾಂಶದ ಕೊರತೆಯಿದೆ ಎಂದು ಅಂದಾಜು ಮಾಡಲು ವಿಜ್ಞಾನಿಗಳು ಇಂದಿಗೂ ಮೊದಲು ನೋಡುವುದು ಈ ಅನುಪಾತವನ್ನೇ.